ಎಕ್ಸ್‌ಕವೇಟರ್ ಕ್ಯಾಬಿನ್ನಿನೊಳಗೆ ಏಸಿ ನೀರು: ಕಾಯಿಲ್ ಬದಲಿಸುವ ಮುಂಚೆ ಡ್ರೈನ್ ಪೈಪಿನ ತುದಿ ನೋಡಿ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನನ್ನದೊಂದು 20 ಟನ್ನಿನ ಎಕ್ಸ್‌ಕವೇಟರ್ ಇದೆ ಸರ್. ಕಾಫಿ ತೋಟಗಳಲ್ಲಿ ರಸ್ತೆ, ಕೆರೆ ಕೆಲಸಕ್ಕೆ ಬಾಡಿಗೆಗೆ ಓಡುತ್ತದೆ. ಹವರ್ ಮೀಟರ್ 6,400 ದಾಟಿದೆ. ಏಪ್ರಿಲ್‌ನಲ್ಲಿ ಏಸಿ ಗ್ಯಾಸ್ ಹಾಕಿಸಿದ್ದೆ, ಕೂಲಿಂಗ್ ಈಗಲೂ ಚೆನ್ನಾಗಿದೆ. ಆದರೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸೀಟಿನ ಹಿಂದಿನಿಂದ ನೀರು ಬಂದು ಮ್ಯಾಟ್ ಪೂರ್ತಿ ಒದ್ದೆಯಾಗುತ್ತಿದೆ. ಜೋರಾಗಿ ಸ್ವಿಂಗ್ ಮಾಡಿದರೆ (ಯಂತ್ರದ ಮೇಲ್ಭಾಗ ತಿರುಗಿಸಿದರೆ) ಬಲಗಡೆಯ ಗಾಳಿ ಕಿಂಡಿಯಿಂದ ಆಪರೇಟರ್ ತೋಳಿಗೆ ನೀರು ಚಿಮ್ಮುತ್ತದೆ. ವಿಚಿತ್ರ ಏನೆಂದರೆ, ಏಸಿ ಓಡುವಾಗ ಕ್ಯಾಬಿನ್ ಕೆಳಗೆ ಒಂದು ಹನಿಯೂ ಬೀಳುವುದಿಲ್ಲ. ಮಧ್ಯಾಹ್ನ ಊಟಕ್ಕೆ ಆಫ್ ಮಾಡಿದ ತಕ್ಷಣ ಕೆಳಗೆ ಮಣ್ಣಿನ ಮೇಲೆ ಚೊಂಬಿನಲ್ಲಿ ಹೊಯ್ದ ಹಾಗೆ ಒಮ್ಮೆಲೇ ಸುರಿಯುತ್ತದೆ. ಕೆಸರು ಕಟ್ಟಿಕೊಳ್ಳುತ್ತದೆ ಎಂದು ಡ್ರೈನ್ ಪೈಪಿನ ತುದಿಯ ರಬ್ಬರನ್ನು ಆಪರೇಟರ್ ಬೇಸಗೆಯಲ್ಲೇ ಕತ್ತರಿಸಿದ್ದ. ಒಬ್ಬ ಮೆಕ್ಯಾನಿಕ್ ಕೂಲಿಂಗ್ ಕಾಯಿಲ್ ತೂತಾಗಿದೆ, ಗ್ಯಾಸ್ ಸೇರಿ 30 ಸಾವಿರ ಆಗುತ್ತೆ ಅಂದರು. ಇನ್ನೊಬ್ಬರು ಗ್ಯಾಸ್ ಜಾಸ್ತಿಯಾಗಿದೆ, ಸ್ವಲ್ಪ ಬಿಡಿ ಅಂದರು. ಮೂರನೆಯವರು ಕ್ಯಾಬಿನ್ ತಳಕ್ಕೆ ಒಂದು ತೂತು ಹೊಡೆದರೆ ಮುಗಿಯಿತು ಅಂದರು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರ ಮಾತನ್ನೂ ಬದಿಗಿಡಿ. ಕಾಯಿಲ್‌ಗೆ ದುಡ್ಡು ಕೊಡಬೇಡಿ, ಗ್ಯಾಸ್ ಬಿಡಬೇಡಿ, ತೂತನ್ನಂತೂ ಹೊಡೆಯಲೇಬೇಡಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಏಸಿ ಓಡುವಾಗ ಹೊರಗೆ ಹನಿ ಬೀಳದೆ, ನಿಲ್ಲಿಸಿದಾಗ ಒಮ್ಮೆಲೇ ಸುರಿಯುವುದು, ಜೊತೆಗೆ ಪೈಪಿನ ತುದಿಯ ರಬ್ಬರ್ ಇಲ್ಲದಿರುವುದು. ಇವೆರಡನ್ನೂ ಗಮನಿಸಿ ಬರೆದದ್ದು ಬಹಳ ಒಳ್ಳೆಯದಾಯಿತು.

ನಿಮ್ಮ ಆತಂಕ ಮ್ಯಾಟ್ ಒದ್ದೆಯಾಗುವುದರ ಬಗ್ಗೆ ಇರಬಹುದು. ನನ್ನ ಆತಂಕ ಅದಕ್ಕಿಂತ ದೊಡ್ಡದು. ಈ ಗಾತ್ರದ ಬಹುತೇಕ ಯಂತ್ರಗಳಲ್ಲಿ ಏಸಿ ಪೆಟ್ಟಿಗೆ, ಫ್ಯೂಸ್ ಬಾಕ್ಸ್, ಕಂಟ್ರೋಲರ್ ಎಲ್ಲ ಸೀಟಿನ ಹಿಂದೆಯೋ ಕೆಳಗೋ ಒಂದೇ ಮೂಲೆಯಲ್ಲಿ ಕೂತಿರುತ್ತವೆ. ಇವತ್ತು ಮ್ಯಾಟ್ ಒದ್ದೆ ಮಾಡಿದ ನೀರು ಮುಂದಿನ ತಿಂಗಳು ಕನೆಕ್ಟರ್ ಪಿನ್ನಿಗೆ ಹಸಿರು ಕಿಲುಬು ಹಿಡಿಸುತ್ತದೆ. ಆಮೇಲೆ ಕಾರಣವಿಲ್ಲದೆ ಎರರ್ ಕೋಡ್ ಬರುವುದು, ಎಂಜಿನ್ ಆರ್‌ಪಿಎಂ ಏರದಿರುವುದು ಶುರುವಾದರೆ ಆಗುವ ಖರ್ಚಿನ ಮುಂದೆ ಏಸಿ ರಿಪೇರಿ ಏನೂ ಅಲ್ಲ. ಆದ್ದರಿಂದ ಮಳೆಗಾಲ ಮುಗಿಯಲಿ ಎಂದು ಕಾಯಬೇಡಿ.

ನೀರು ಬರುವುದು ಗಾಳಿಯಿಂದ, ಕಾಯಿಲ್ ಒಳಗಿನಿಂದಲ್ಲ

ಕೂಲಿಂಗ್ ಕಾಯಿಲ್ ಒಳಗೆ ನೀರೇ ಇಲ್ಲ. ಅಲ್ಲಿ ಓಡುವುದು ಆರ್‌134ಎ ಗ್ಯಾಸ್ ಮತ್ತು ಅದರೊಂದಿಗೆ ಸ್ವಲ್ಪ ಕಂಪ್ರೆಸರ್ ಆಯಿಲ್. ಹೊರಗಿನ ಒತ್ತಡದಲ್ಲಿ ಈ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಹಾಗಾಗಿ ಕಾಯಿಲ್ ತೂತಾದರೆ ಕಣ್ಣಿಗೆ ಕಾಣದ ಗ್ಯಾಸ್ ಹೋಗುತ್ತದೆ, ತೂತಿನ ಸುತ್ತ ಎಣ್ಣೆ ಜಿಡ್ಡು ಉಳಿಯುತ್ತದೆ, ದಿನಗಳಲ್ಲೋ ವಾರಗಳಲ್ಲೋ ಕೂಲಿಂಗ್ ಸಾಯುತ್ತದೆ. ಏಪ್ರಿಲ್‌ನಲ್ಲಿ ಹಾಕಿದ ಗ್ಯಾಸ್ ಇವತ್ತಿಗೂ ತಂಪು ಕೊಡುತ್ತಿದೆ ಎಂದರೆ ಕಾಯಿಲ್ ತೂತಾಗಿದೆ ಎಂಬ ಮಾತು ನಿಲ್ಲುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ.

ನೀರು ಬರುವುದು ಕ್ಯಾಬಿನ್ನಿನ ಗಾಳಿಯಿಂದ. ತಣ್ಣನೆಯ ಎಳನೀರಿನ ಮೈಮೇಲೆ ಹನಿ ಕಟ್ಟುವ ಹಾಗೆ, ನಾಲ್ಕೈದು ಡಿಗ್ರಿಗೆ ಇಳಿದ ಕಾಯಿಲ್‌ನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಗಾಳಿಯ ತೇವ ನೀರಾಗಿ ಕಟ್ಟಿ ಕೆಳಗಿನ ಟ್ರೇಗೆ ಇಳಿಯುತ್ತದೆ. ಟ್ರೇಯ ಎರಡು ಬದಿಯಿಂದ ಎರಡು ಡ್ರೈನ್ ಪೈಪ್ ಕ್ಯಾಬಿನ್ ತಳ ದಾಟಿ ಹೊರಗೆ ಹೋಗುತ್ತವೆ. ಇದು ದೋಷವಲ್ಲ, ಏಸಿ ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು.

ಬೇಸಗೆಯಲ್ಲಿ ಇಲ್ಲದ್ದು ಮಳೆಗಾಲದಲ್ಲಿ ಯಾಕೆ ಬಂತು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಏಪ್ರಿಲ್ ಮಧ್ಯಾಹ್ನ ಅರಸೀಕೆರೆ ಅಥವಾ ಕಡೂರಿನ ಕಡೆ 35 ಡಿಗ್ರಿ ಬಿಸಿಲು, ಶೇ 30 ಆರ್ದ್ರತೆ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 12 ಗ್ರಾಂ ನೀರಾವಿ ಇರುತ್ತದೆ. ಜುಲೈನಲ್ಲಿ ಸಕಲೇಶಪುರದ ಕಡೆ 22 ಡಿಗ್ರಿ, ಶೇ 90 ಆರ್ದ್ರತೆ ಎಂದುಕೊಳ್ಳಿ; ಗಾಳಿ ತಂಪಾಗಿದ್ದರೂ ಅದರಲ್ಲಿ 17 ಗ್ರಾಂ ಮೀರಿ ನೀರಾವಿ ಇರುತ್ತದೆ. ಕಾಯಿಲ್ ದಾಟಿ 8 ಡಿಗ್ರಿಯಲ್ಲಿ ಹೊರಬರುವ ಗಾಳಿ 8 ಗ್ರಾಂ ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಉಳಿದದ್ದು ಟ್ರೇಗೆ. ಅಂದರೆ ಬಯಲುಸೀಮೆಯ ಬೇಸಗೆಯಲ್ಲಿ ಘನ ಮೀಟರಿಗೆ ನಾಲ್ಕು ಗ್ರಾಂ ಕೂಡ ಇಲ್ಲ, ಮಲೆನಾಡಿನ ಮಳೆಯಲ್ಲಿ ಒಂಬತ್ತು ಗ್ರಾಂ. ಗಂಟೆಗೆ 100 ಘನ ಮೀಟರ್ ಹೊರಗಾಳಿ ಒಳಗೆ ಬರುತ್ತದೆ ಎಂದಿಟ್ಟುಕೊಂಡರೆ ಎಂಟು ಗಂಟೆಯ ಕೆಲಸಕ್ಕೆ ಏಳು ಲೀಟರ್ ನೀರು. ಆಪರೇಟರನ ಒದ್ದೆ ಜರ್ಕಿನ್, ಬೂಟು, ಉಸಿರಿನ ತೇವ ಇನ್ನೂ ಮೇಲೆ. ಮಳೆಯಲ್ಲಿ ಗಾಜು ಮುಚ್ಚಿ, ಮಂಜು ಕಟ್ಟದಿರಲಿ ಎಂದು ದಿನವಿಡೀ ಏಸಿ ಹಾಕುತ್ತೀರಿ. ಬೇಸಗೆಯ ನಾಲ್ಕು ಹನಿಗೆ ಹೇಗೋ ಸಾಲುತ್ತಿದ್ದ ಡ್ರೈನ್ ಈ ಅರ್ಧ ಕೊಡ ನೀರಿಗೆ ಸಾಲುವುದಿಲ್ಲ.

ರಬ್ಬರ್ ತುದಿ ಯಾಕೆ ಬೇಕು

ನಿಮ್ಮ ಯಂತ್ರದ ಏಸಿ ಪೆಟ್ಟಿಗೆಯಲ್ಲಿ ಬ್ಲೋವರ್ (ಗಾಳಿ ಬೀಸುವ ಫ್ಯಾನ್) ಇರುವುದು ಕಾಯಿಲ್‌ನ ಆಚೆ ಬದಿಗೆ ಎಂದು ಲಕ್ಷಣ ಹೇಳುತ್ತಿದೆ. ಅದು ಕಾಯಿಲ್ ಮೂಲಕ ಗಾಳಿಯನ್ನು ಎಳೆದುಕೊಳ್ಳುತ್ತದೆ. ಎಳೆಯುವಾಗ ಟ್ರೇ ಇರುವ ಜಾಗದಲ್ಲಿ ಒತ್ತಡ ಕಡಿಮೆಯಾಗುತ್ತದೆ. ಪೈಪಿನ ಕೆಳತುದಿ ಬಾಯಿಬಿಟ್ಟುಕೊಂಡಿದ್ದರೆ ಹೊರಗಿನ ಗಾಳಿ ಅದರೊಳಗಿಂದ ಮೇಲಕ್ಕೆ ನುಗ್ಗುತ್ತದೆ. ಒಲೆಯ ಊದುಗೊಳವೆಯನ್ನು ಒಬ್ಬರು ಕೆಳಗಿನಿಂದ ಊದುತ್ತಿರುವಾಗ ಮೇಲಿನಿಂದ ನೀರು ಹೊಯ್ದರೆ ಇಳಿಯುತ್ತದೆಯೇ? ಇಲ್ಲೂ ಹಾಗೆಯೇ. ನೀರು ಟ್ರೇಯಲ್ಲೇ ಕುದಿಯುವಂತೆ ಗುಳುಗುಳು ಮಾಡುತ್ತ ಏರುತ್ತದೆ, ಹನಿಗಳನ್ನು ಬ್ಲೋವರ್ ಎಳೆದು ಕಿಂಡಿಯಿಂದ ಉಗುಳುತ್ತದೆ, ಸ್ವಿಂಗ್ ಮಾಡಿದಾಗ ಉಳಿದದ್ದು ಅಂಚು ದಾಟಿ ಸೀಟಿನ ಹಿಂದೆ ಚೆಲ್ಲುತ್ತದೆ. ಬ್ಲೋವರ್ ನಿಂತ ಕ್ಷಣ ಎಳೆತ ಇಲ್ಲ, ತಡೆದು ನಿಂತ ನೀರೆಲ್ಲ ಒಮ್ಮೆಲೇ ಕೆಳಗೆ. ನೀವು ಊಟದ ಹೊತ್ತಿಗೆ ಕಂಡದ್ದು ಇದನ್ನೇ. ಪೈಪ್ ಪೂರ್ತಿ ಕಟ್ಟಿಕೊಂಡಿದ್ದರೆ ಆಫ್ ಮಾಡಿದರೂ ಹೊರಗೆ ಹೀಗೆ ಸುರಿಯುತ್ತಿರಲಿಲ್ಲ.

ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾಗಿ ಮುಚ್ಚಿಕೊಂಡಿರುವ ಆ ರಬ್ಬರ್ ತುದಿ ಇರುವುದೇ ಇದನ್ನು ತಡೆಯಲು. ಗಾಳಿ ಒಳಗೆ ಎಳೆದಷ್ಟೂ ಅದರ ತುಟಿಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಪೈಪಿನೊಳಗೆ ಐದಾರು ಸೆಂಟಿಮೀಟರ್ ನೀರು ನಿಂತ ಮೇಲೆ ಅದರ ಭಾರಕ್ಕೆ ತುಟಿ ತೆರೆದು ನೀರು ಇಳಿಯುತ್ತದೆ, ಮತ್ತೆ ಮುಚ್ಚುತ್ತದೆ. ತುದಿಯಲ್ಲಿ ಕೆಸರು ಕಟ್ಟುತ್ತದೆ ಎಂದು ನಿಮ್ಮ ಆಪರೇಟರ್ ಹೇಳಿದ್ದು ಸುಳ್ಳಲ್ಲ, ಕೆಂಪು ಮಣ್ಣಿನಲ್ಲಿ ಅದು ಕಟ್ಟಿಯೇ ಕಟ್ಟುತ್ತದೆ. ಆದರೆ ಅದಕ್ಕೆ ಮದ್ದು ವಾರಕ್ಕೊಮ್ಮೆ ಎರಡು ಬೆರಳಲ್ಲಿ ಹಿಸುಕಿ ತೆಗೆಯುವುದು, ಕತ್ತರಿಸುವುದಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿಕೊಂಡಿರುತ್ತದೆ, ಅದನ್ನು ಯಾರೂ ನೋಡುವುದಿಲ್ಲ: ಗಾಳಿ ಫಿಲ್ಟರ್. ಫಿಲ್ಟರ್ ಕಟ್ಟಿದಷ್ಟೂ ಬ್ಲೋವರಿನ ಎಳೆತ ಟ್ರೇಯ ಮೇಲೆ ಹೆಚ್ಚುತ್ತದೆ. ಬೇಸಗೆಯ ಧೂಳು ಫಿಲ್ಟರಿನಲ್ಲಿ ಕೂತಿರುತ್ತದೆ, ಮಳೆಗಾಲದ ತೇವಕ್ಕೆ ಅದು ಹಿಟ್ಟು ಕಲಸಿದ ಹಾಗೆ ಗಟ್ಟಿಯಾಗುತ್ತದೆ. ಫಿಲ್ಟರ್ ಚೊಕ್ಕಟ ಇದ್ದಾಗ ರಬ್ಬರ್ ತುದಿ ಇಲ್ಲದೆಯೂ ಹೇಗೋ ನಡೆದದ್ದು ಈಗ ನಡೆಯುತ್ತಿಲ್ಲ ಎಂದರೆ ಅದಕ್ಕೆ ಇದೂ ಕಾರಣ.

ನೂಲಿನ ಎಳೆಯ ಪರೀಕ್ಷೆ

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ, ಪರೀಕ್ಷೆ ಮಾಡಿ. ಯಂತ್ರವನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬಕೆಟ್ ನೆಲಕ್ಕೆ ಊರಿ, ಎಂಜಿನ್ ಆಫ್ ಮಾಡಿ, ಹೈಡ್ರಾಲಿಕ್ ಲಾಕ್ ಲೀವರ್ ಲಾಕ್‌ಗೆ ಹಾಕಿ. ಬ್ಲೋವರ್ 24 ವೋಲ್ಟ್ ಬ್ಯಾಟರಿಯಿಂದಲೇ ತಿರುಗುತ್ತದೆ, ಆದ್ದರಿಂದ ಕೀ ಆನ್ ಮಾಡಿದರೆ ಸಾಕು. ಎಂಜಿನ್ ಓಡುತ್ತಿರುವಾಗ ಯಾರೂ ಕ್ಯಾಬಿನ್ ಕೆಳಗೆ ಕೈ ಹಾಕುವುದು ಬೇಡ. ಬಾಗಿಲು, ಗಾಜು ಮುಚ್ಚಿ, ಬ್ಲೋವರ್ ಪೂರ್ತಿ ಜೋರಿಗೆ ಇಟ್ಟು, ಡ್ರೈನ್ ಪೈಪಿನ ಬಾಯಿಯ ಹತ್ತಿರ ಗೇಣುದ್ದದ ಹೊಲಿಗೆ ನೂಲನ್ನು ಹಿಡಿಯಿರಿ. ನೂಲು ಪೈಪಿನೊಳಗೆ ಎಳೆದುಕೊಂಡರೆ ನಾನು ಹೇಳಿದ್ದೇ ಕಾಯಿಲೆ. ಎರಡು ಪೈಪಿಗೂ ಮಾಡಿ. ಆಮೇಲೆ ಪೈಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿದು, ಇನ್ನೊಬ್ಬರಿಂದ ಗಾಳಿ ಫಿಲ್ಟರ್ ತೆಗೆಸಿ ನೋಡಿ. ಬೆರಳಿಗೆ ತಾಗುವ ಎಳೆತ ಫಿಲ್ಟರ್ ತೆಗೆದ ಕೂಡಲೇ ಸಡಿಲವಾದರೆ ಫಿಲ್ಟರ್ ಕಟ್ಟಿದೆ ಎಂದೇ ಅರ್ಥ. ನೂಲು ಹೊರಕ್ಕೆ ಹಾರಿದರೆ ನಿಮ್ಮ ಯಂತ್ರದಲ್ಲಿ ಬ್ಲೋವರ್ ಕಾಯಿಲ್‌ಗೆ ಗಾಳಿ ದೂಡುವ ಜಾತಿಯದು, ಎಳೆತದ ಮಾತು ಅನ್ವಯಿಸದು. ನೂಲು ಅಲುಗಾಡದೇ ಇದ್ದರೆ ಆ ಪೈಪ್ ಒಳಗೆಲ್ಲೋ ಕಟ್ಟಿಕೊಂಡಿದೆ.

ರಿಪೇರಿ ಮಾಡುವ ಕ್ರಮ

ಕೀ ತೆಗೆದು, ಬ್ಯಾಟರಿ ಕಟಾಫ್ ಸ್ವಿಚ್ ಆಫ್ ಮಾಡಿ. ಸೀಟಿನ ಹಿಂದಿನ ಕವರ್ ಬಿಚ್ಚಿ. ಟ್ರೇಯ ಮೂತಿಗೆ ಪೈಪ್ ಸಿಕ್ಕಿಸಿರುವ ಜಾಗವನ್ನು ಟಾರ್ಚ್ ಹಾಕಿ ನೋಡಿ: ಕ್ಲಿಪ್ ಸಡಿಲವಾಗಿ ಪೈಪ್ ಕಳಚಿದೆಯೇ, ಇಲಿ ಕಡಿದಿದೆಯೇ, ಸೀಟಿನ ಫ್ರೇಮಿಗೆ ಸಿಕ್ಕಿ ಮಡಚಿಕೊಂಡಿದೆಯೇ.

ಪೈಪ್ ಚೊಕ್ಕಟ ಮಾಡುವಾಗ ಬಹಳ ಜನ ಮಾಡುವ ತಪ್ಪು, ಕೆಳತುದಿಗೆ ಗ್ಯಾರೇಜಿನ ಏರ್ ಗನ್ ಇಟ್ಟು ಜೋರಾಗಿ ಗಾಳಿ ಹೊಡೆಯುವುದು. ಆಗ ಪೈಪಿನ ಲೋಳೆಯೆಲ್ಲ ಕಾಯಿಲ್ ಮತ್ತು ಬ್ಲೋವರ್ ಮೇಲೆ ಎರಚುತ್ತದೆ, ಮೇಲಿನ ಜೋಡಣೆ ಕಣ್ಣಿಗೆ ಕಾಣದಂತೆ ಕಳಚಿಕೊಳ್ಳುತ್ತದೆ. ನೀರು ಮೊದಲಿಗಿಂತ ಜಾಸ್ತಿ ಒಳಗೇ ಬೀಳುತ್ತದೆ. ಪೈಪನ್ನು ಟ್ರೇಯಿಂದ ಬಿಡಿಸಿಯೇ ಚೊಕ್ಕಟ ಮಾಡಿ. ಬಿಸಿನೀರು ಹಾಯಿಸಿ, ಬೇಕಾದರೆ 2 ಬಾರ್ ಮೀರದ ಗಾಳಿಯನ್ನು ಮೇಲಿನಿಂದ ಕೆಳಕ್ಕೆ ಹೊಡೆಯಿರಿ. ಒಳಗೆ ಸಿಗುವುದು ಪಾಚಿಯ ಲೋಳೆ, ಸಿಲ್ವರ್ ಓಕ್ ಎಲೆಯ ಚೂರು, ಇನ್ನು ಯಂತ್ರ ಹದಿನೈದು ದಿನ ನಿಂತಿದ್ದರೆ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು. ಆ ಗೂಡು ಒಣಗಿದ ಮೇಲೆ ಗಾರೆಯಷ್ಟು ಗಟ್ಟಿ. ಗಾಳಿಗೆ ಜಗ್ಗುವುದಿಲ್ಲ, ನೀರಲ್ಲಿ ನೆನೆಸಿ ದಪ್ಪ ನೈಲಾನ್ ದಾರದಿಂದ ಕೆದಕಬೇಕು. ತಂತಿ ಹಾಕಿದರೆ ಪೈಪ್ ಹರಿಯುತ್ತದೆ.

ಪೈಪ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ, ಆದರೆ ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪ್ ಬೇಡ. ಹೈಡ್ರಾಲಿಕ್ ಆಯಿಲಿನ ಬಿಸಿಗೆ ಅದು ಮೆತ್ತಗಾಗಿ ಬಾಗಿದಲ್ಲಿ ಮುಚ್ಚಿಕೊಳ್ಳುತ್ತದೆ. ಒಳಗೆ ನೂಲಿನ ಹೆಣಿಗೆ ಇರುವ ರಬ್ಬರ್ ಹೋಸ್ ತನ್ನಿ. ಹಳೆಯ ಪೈಪಿನ ಒಳ ಅಳತೆ ನೋಡಿಕೊಂಡೇ ತನ್ನಿ, ಸಾಮಾನ್ಯವಾಗಿ 12ರಿಂದ 16 ಮಿಲಿಮೀಟರ್ ಇರುತ್ತದೆ. ಟ್ರೇಯಿಂದ ತುದಿಯವರೆಗೆ ಎಲ್ಲೂ ಮೇಲಕ್ಕೆ ಏರದೆ ಇಳಿಯುತ್ತಲೇ ಹೋಗಬೇಕು. ರಬ್ಬರ್ ತುದಿಯ ಮೇಲೆ ಕನಿಷ್ಠ 10 ಸೆಂಟಿಮೀಟರ್ ನೆಟ್ಟಗೆ ಇಳಿದಿರಬೇಕು, ಇಲ್ಲದಿದ್ದರೆ ತುಟಿ ತೆರೆಯುವಷ್ಟು ನೀರಿನ ಭಾರ ಕೂಡುವುದಿಲ್ಲ. ಎರಡು ಪೈಪನ್ನು ಸೇರಿಸಿ ಒಂದೇ ಮಾಡುವ ಬುದ್ಧಿವಂತಿಕೆಯೂ ಬೇಡ.

ಯಾಕೆ ಬೇಡ ಎಂಬುದು ನಿಮ್ಮ ಕಡೆಯ ಕೆಲಸಕ್ಕೆ ಬಹಳ ಮುಖ್ಯ. ಟ್ರೇ ಅಂದಾಜು 40 ಸೆಂಟಿಮೀಟರ್ ಉದ್ದ ಎಂದುಕೊಳ್ಳಿ, ಅಂಚಿನ ಎತ್ತರ ಎರಡೂವರೆ. ತೋಟದ ಇಳಿಜಾರಿನಲ್ಲಿ ಯಂತ್ರ 10 ಡಿಗ್ರಿ ವಾಲಿದರೆ ಟ್ರೇಯ ಒಂದು ತುದಿ ಇನ್ನೊಂದಕ್ಕಿಂತ ಏಳು ಸೆಂಟಿಮೀಟರ್ ಕೆಳಗಾಗುತ್ತದೆ. ನೀರೆಲ್ಲ ಆ ಮೂಲೆಗೆ ಓಡುತ್ತದೆ. ಆ ಮೂಲೆಯ ಪೈಪ್ ಕಟ್ಟಿದ್ದರೆ ಮೇಲ್ಗಡೆಯ ಪೈಪ್ ಎಷ್ಟು ಚೊಕ್ಕಟ ಇದ್ದರೂ ಪ್ರಯೋಜನವಿಲ್ಲ, ಅಂಚು ದಾಟಿ ಚೆಲ್ಲುತ್ತದೆ. ಬಯಲಿನಲ್ಲಿ ಒಂದು ಪೈಪ್ ಕಟ್ಟಿದರೂ ಯಾರಿಗೂ ಗೊತ್ತಾಗುವುದಿಲ್ಲ. ಮೂಡಿಗೆರೆ, ಸಕಲೇಶಪುರದ ಗುಡ್ಡದಲ್ಲಿ ಎರಡೂ ಪೈಪ್ ಬೇಕೇ ಬೇಕು, ಅದರಲ್ಲೂ ಎಕ್ಸ್‌ಕವೇಟರ್ ಸ್ವಿಂಗ್ ಆದಂತೆಲ್ಲ ತಗ್ಗಿನ ಮೂಲೆ ಬದಲಾಗುತ್ತಿರುತ್ತದೆ.

ಟ್ರೇಯನ್ನು ಬಟ್ಟೆಯಿಂದ ಒರೆಸಿ. ಕಾಯಿಲ್ ಮೇಲೆ ಧೂಳಿನ ಪದರ ಇದ್ದರೆ ಮೆತ್ತನೆಯ ಬ್ರಷ್‌ನಿಂದ ರೆಕ್ಕೆಯ ಜಾಡಿನಲ್ಲೇ ಮೇಲಿನಿಂದ ಕೆಳಕ್ಕೆ ಎಳೆಯಿರಿ, ಅಡ್ಡಕ್ಕೆ ಉಜ್ಜಿದರೆ ರೆಕ್ಕೆ ಮಡಚಿಕೊಳ್ಳುತ್ತದೆ. ಕ್ಲೀನರ್ ಬೇಕಿದ್ದರೆ ಅಲ್ಯೂಮಿನಿಯಂ ಕಾಯಿಲ್‌ಗೆಂದೇ ಬರುವ ಆಸಿಡ್ ಇಲ್ಲದ ದ್ರಾವಣ ಮಾತ್ರ ಬಳಸಿ. ಟಾಯ್ಲೆಟ್ ಆಸಿಡ್, ಕಾಸ್ಟಿಕ್ ಸೋಡಾ, ಬ್ಲೀಚಿಂಗ್ ಯಾವುದೂ ಬೇಡ. ಆಸಿಡ್, ಕಾಸ್ಟಿಕ್ ಎರಡೂ ಅಲ್ಯೂಮಿನಿಯಂ ತಿನ್ನುತ್ತವೆ, ಇವತ್ತು ಇಲ್ಲದ ತೂತನ್ನು ನಾವೇ ಮಾಡಿದಂತಾಗುತ್ತದೆ. ವಾಟರ್ ಸರ್ವಿಸ್ ಗನ್ ಕಾಯಿಲ್‌ಗೆ ಹಿಡಿಯಲೇಬಾರದು.

ರಬ್ಬರ್ ತುದಿ ಹಾಕುವ ಮೊದಲು ಟ್ರೇಗೆ ಅರ್ಧ ಲೀಟರ್ ನೀರು ನಿಧಾನಕ್ಕೆ ಹೊಯ್ದು ನೋಡಿ. ಒಂದು ನಿಮಿಷದೊಳಗೆ ಪೂರ್ತಿ ಹೊರಗೆ ಬರಬೇಕು. ಒಮ್ಮೆ ಎಡ ಪೈಪ್ ಮುಚ್ಚಿ, ಒಮ್ಮೆ ಬಲ ಪೈಪ್ ಮುಚ್ಚಿ ನೋಡಿ. ಆಮೇಲೆ ರಬ್ಬರ್ ತುದಿ ಸಿಕ್ಕಿಸಿ, ಬ್ಯಾಟರಿ ಕಟಾಫ್ ಮತ್ತೆ ಆನ್ ಮಾಡಿ, ಇದೇ ಪರೀಕ್ಷೆಯನ್ನು ಬ್ಲೋವರ್ ಪೂರ್ತಿ ಜೋರಾಗಿ ಓಡುವಾಗ ಮಾಡಿ. ಇದೇ ನಿಜವಾದ ಪರೀಕ್ಷೆ. ರಬ್ಬರ್ ತುದಿ ನಿಮ್ಮ ಕಂಪನಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗದಿದ್ದರೆ ಅಳತೆಗೆ ಹೊಂದುವ ಕಾರಿನ ಏಸಿ ಡ್ರೈನ್ ತುದಿ ಆಗುತ್ತದೆ. ಅದೂ ಸಿಗುವವರೆಗೆ ಹಳೆಯ ಸೈಕಲ್ ಟ್ಯೂಬಿನ ಅರ್ಧ ಗೇಣು ತುಂಡನ್ನು ಪೈಪಿಗೆ ಸಿಕ್ಕಿಸಿ ಕ್ಲಿಪ್ ಹಾಕಿ ಕೆಳಕ್ಕೆ ಜೋತುಬಿಡಿ. ಎಳೆತಕ್ಕೆ ಟ್ಯೂಬ್ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ನೀರಿಗೆ ತೆರೆಯುತ್ತದೆ. ಕೆಲವು ವಾರಕ್ಕೆ ತೊಂದರೆಯಿಲ್ಲ.

ಫಿಲ್ಟರ್‌ಗಳು ಎರಡಿರುತ್ತವೆ, ಹೊರಗಾಳಿಗೊಂದು, ಒಳಗಾಳಿಗೊಂದು. ಒಳಗಿನದು ಸೀಟಿನ ಹಿಂದೆ ಅಡಗಿರುವುದರಿಂದ ಅನೇಕ ಯಂತ್ರಗಳಲ್ಲಿ ಕೊಂಡಾಗಿನಿಂದ ಬಿಚ್ಚಿಯೇ ಇರುವುದಿಲ್ಲ. ಕಾಗದದ ಫಿಲ್ಟರನ್ನು ಚೊಕ್ಕಟ ಬದಿಯಿಂದ ಕೊಳೆ ಬದಿಗೆ 2 ಬಾರ್ ಗಾಳಿಯಲ್ಲಿ ಊದಬಹುದು, ತೊಳೆಯಬಾರದು. ತೇವಕ್ಕೆ ಗಟ್ಟಿಯಾಗಿದ್ದರೆ ಹೊಸದೇ ಹಾಕಿ.

ಹೀಗೆ ಮಾಡುವಷ್ಟು ಬಿಡುವು ಇವತ್ತೇ ಇಲ್ಲ, ಕೆಲಸ ನಿಲ್ಲಿಸುವಂತಿಲ್ಲ ಎಂದಾದರೆ ಬ್ಲೋವರ್ ಮಧ್ಯದ ವೇಗದಲ್ಲಿಟ್ಟು, ಗಂಟೆಗೊಮ್ಮೆ ಸಮತಟ್ಟಿನಲ್ಲಿ ಒಂದೆರಡು ನಿಮಿಷ ಬ್ಲೋವರ್ ಆಫ್ ಮಾಡಿ ಟ್ರೇ ಬರಿದಾಗಲು ಬಿಡಿ. ಗಾಳಿಯ ಸ್ವಿಚ್ಚನ್ನು ಒಳಗಾಳಿಗೆ ಹಾಕಿದರೆ ನೀರು ಕಡಿಮೆಯಾಗುತ್ತದೆ, ಆದರೆ ಗಂಟೆಗಟ್ಟಲೆ ಹಾಗೇ ಬಿಡಬೇಡಿ. ಉಸಿರಿನ ಗಾಳಿ ತುಂಬಿ ಆಪರೇಟರಿಗೆ ತೂಕಡಿಕೆ ಬರುತ್ತದೆ, ಇಳಿಜಾರಿನಲ್ಲಿ ಅದು ಅಪಾಯ.

ಇದಲ್ಲದೆ ಬೇರೆ ಕಾರಣ ಇದ್ದರೆ

ಪರೀಕ್ಷೆಯಲ್ಲಿ ನೂಲು ಒಳಗೆ ಎಳೆಯದೆ, ಪೈಪ್ ಚೊಕ್ಕಟವಿದ್ದೂ ನೀರು ಬಂದರೆ, ಮೊದಲು ಆ ನೀರನ್ನು ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಬಂದರೆ, ಬೆರಳಿಗೆ ಅಂಟಿದರೆ, ಸಿಹಿ ವಾಸನೆ ಇದ್ದರೆ ಅದು ಏಸಿ ನೀರಲ್ಲ, ಹೀಟರ್ ಕಾಯಿಲ್ ಒಡೆದು ಬರುತ್ತಿರುವ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ). ಮುಂದಿನ ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡಿನ ಮಂಜು ಇರುತ್ತದೆ, ರೇಡಿಯೇಟರ್ ಬಾಟಲಿಯ ಮಟ್ಟ ಇಳಿಯುತ್ತಿರುತ್ತದೆ. ಅದನ್ನು ಒಂದು ದಿನವೂ ಮುಂದೂಡಬೇಡಿ, ಎಂಜಿನ್ ಬಿಸಿಯಾಗಿ ಹೆಡ್ ಹೋಗುತ್ತದೆ. ಕೂಲೆಂಟ್ ವಿಷ, ಸಿಹಿಯೆಂದು ನಾಯಿಗಳು ನೆಕ್ಕುತ್ತವೆ, ಚೆಲ್ಲಿದ್ದನ್ನು ಹಾಗೇ ಬಿಡಬೇಡಿ.

ಏಸಿ ಹಾಕದ ದಿನವೂ ಮಳೆ ಬಂದರೆ ಒದ್ದೆಯಾಗುತ್ತದೆ ಎಂದಾದರೆ ಅದು ಮಳೆನೀರು. ಕ್ಯಾಬಿನ್ ಒಣಗಿಸಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಹೊರಗಿನಿಂದ ಮಾಮೂಲಿ ಪೈಪಿನಲ್ಲಿ ಕೆಳಗಿನಿಂದ ಶುರುಮಾಡಿ ಒಂದೊಂದು ಜಾಗಕ್ಕೂ ಐದೈದು ನಿಮಿಷ ನೀರು ಬಿಡಿ. ಮೊದಲೇ ಮೇಲಿನಿಂದ ಬಿಟ್ಟರೆ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಹೆಚ್ಚಾಗಿ ಸಿಗುವ ಜಾಗಗಳು ರೂಫ್ ಹ್ಯಾಚ್ ರಬ್ಬರ್, ಮುಂದಿನ ಗಾಜಿನ ಮೇಲಂಚಿನ ಬೀಡಿಂಗ್, ಆಮೇಲೆ ಹಾಕಿಸಿಕೊಂಡ ಲೈಟಿನ ವೈರ್ ತೂತು. ಸೀಲ್ ಮಾಡುವಾಗ ಹುಳಿ ವಿನೆಗರ್ ವಾಸನೆಯ ಸಿಲಿಕೋನ್ ಬಳಸಬೇಡಿ, ಅದು ತಗಡಿಗೆ ತುಕ್ಕು ಹಿಡಿಸುತ್ತದೆ.

ಮೂರನೆಯದು ಮಂಜುಗಡ್ಡೆ. ಬೆಳಿಗ್ಗೆ ಒಂದು ಗಂಟೆ ಗಾಳಿ ಜೋರಾಗಿ ಬಂದು, ಆಮೇಲೆ ಬ್ಲೋವರ್ ಸದ್ದು ಇದ್ದರೂ ಗಾಳಿ ಸಣ್ಣಗಾಗಿ, ಆಫ್ ಮಾಡಿದ ಇಪ್ಪತ್ತು ನಿಮಿಷಕ್ಕೆ ಕ್ಯಾಬಿನ್ ಒಳಗೆ ನೀರು ಹರಿದರೆ ಕಾಯಿಲ್ ಹೆಪ್ಪುಗಟ್ಟಿ ಕರಗುತ್ತಿದೆ. ಗ್ಯಾಸ್ ಕಡಿಮೆಯಾಗಿರುವುದು, ಫಿಲ್ಟರ್ ಕಟ್ಟಿರುವುದು, ಅಥವಾ ಕಾಯಿಲ್‌ನ ರೆಕ್ಕೆಗಳ ನಡುವೆ ಇರಬೇಕಾದ ಥರ್ಮೋಸ್ಟಾಟ್ ಕಡ್ಡಿ ಜಾಗ ಬಿಟ್ಟಿರುವುದು ಕಾರಣ. ಆ ಕಡ್ಡಿ ಸರಿಯಾಗಿದ್ದರೆ ಕಾಯಿಲ್ ಒಂದರಿಂದ ನಾಲ್ಕು ಡಿಗ್ರಿಗೆ ಇಳಿದಾಗ ಕಂಪ್ರೆಸರ್ ಕಟ್ ಆಗಬೇಕು. ಹಾಗಾಗಿ ನೀರಿಗೂ ಗ್ಯಾಸಿಗೂ ಸಂಬಂಧವೇ ಇಲ್ಲ ಎನ್ನಲಾರೆ. ಇದೊಂದು ದಾರಿಯಲ್ಲಿ ಇದೆ. ಆದರೆ ಅದು ಗ್ಯಾಸ್ ಕಡಿಮೆಯಾದಾಗ, ಜಾಸ್ತಿಯಾದಾಗಲ್ಲ. ಜಾಸ್ತಿಯಾದರೆ ಒತ್ತಡ ಏರಿ ಕಂಪ್ರೆಸರ್ ಪದೇಪದೇ ಕಟ್ ಆಗುತ್ತದೆ, ಕೂಲಿಂಗ್ ಕಡಿಮೆಯಾಗುತ್ತದೆ. ನಿಮ್ಮಲ್ಲಿ ಅದಿಲ್ಲ.

ದಪ್ಪ ಏಸಿ ಪೈಪಿನ ಮೇಲಿನ ಕಪ್ಪು ಫೋಮ್ ಹರಿದಿದ್ದರೂ ಪೈಪ್ ಬೆವರಿ ಹನಿಯುತ್ತದೆ. 10 ಮಿಲಿಮೀಟರ್ ದಪ್ಪದ, ನೀರು ಹೀರದ ಫೋಮ್ ಸುತ್ತಿ ಟೇಪ್ ಹಾಕಿ. ಗೋಣಿ, ಬಟ್ಟೆ ಸುತ್ತಿದರೆ ಅದೇ ನೀರು ಹೀರಿ ಹನಿಸುತ್ತದೆ.

ಆ ಮೂರು ಸಲಹೆಗಳ ಅಪಾಯ

ತಳಕ್ಕೆ ತೂತು ಹೊಡೆಯುವ ಸಲಹೆ ಎಲ್ಲಕ್ಕಿಂತ ಕೆಟ್ಟದ್ದು. ಆ ತಳದ ಕೆಳಗೇ ಲೀವರಿಗೆ ಹೋಗುವ ಪೈಲಟ್ ಹೋಸ್‌ಗಳು (ಸಣ್ಣ ಹೈಡ್ರಾಲಿಕ್ ಪೈಪ್‌ಗಳು), ವೈರಿಂಗ್ ಹಾರ್ನೆಸ್ ಇವೆ. ಡ್ರಿಲ್ ಬಿಟ್ ಅರ್ಧ ಇಂಚು ಜಾಸ್ತಿ ಇಳಿದರೂ ಸಾಕು. ತೂತು ಸರಿಯಾಗಿ ಬಿದ್ದರೂ ನೀರು ಮೊದಲು ಕ್ಯಾಬಿನ್ನಿಗೆ ಬಂದೇ ಹೋಗಬೇಕು, ಕಂಟ್ರೋಲರ್ ಒದ್ದೆಯಾಗುವುದು ತಪ್ಪಲಿಲ್ಲ. ಕೆಳಗಿನಿಂದ ಧೂಳೂ ಬರುತ್ತದೆ. ಕ್ಯಾಬಿನ್ ಕಂಬಗಳಿಗಂತೂ ಡ್ರಿಲ್ ತಾಗಿಸಬಾರದು. ಯಂತ್ರ ಉರುಳಿದರೆ ಆಪರೇಟರನ ಜೀವ ಉಳಿಸುವುದು ಅವೇ.

ಗ್ಯಾಸ್ ಬಿಡುವುದರಿಂದ ನೀರು ನಿಲ್ಲುವುದಿಲ್ಲ. ಅತಿ ಕಡಿಮೆಯಾದರೆ ಮೇಲೆ ಹೇಳಿದ ಮಂಜುಗಡ್ಡೆಯ ತೊಂದರೆ ಹೊಸದಾಗಿ ಸೇರುತ್ತದೆ, ಗ್ಯಾಸಿನೊಂದಿಗೆ ಆಯಿಲ್ ಕೂಡ ಹೋಗುತ್ತದೆ. ಗಾಳಿಗೆ ಬಿಟ್ಟ ಒಂದು ಕೆಜಿ ಆರ್‌134ಎ ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,400 ಕೆಜಿ ಕಾರ್ಬನ್ ಡೈಆಕ್ಸೈಡಿನಷ್ಟು ಬಿಸಿ ಹಿಡಿದಿಡುತ್ತದೆ. ಮಳೆಯನ್ನೇ ನಂಬಿದ ಕಾಫಿ, ಮೆಣಸಿನ ನಾಡಿನಲ್ಲಿ ಅದೂ ನಮ್ಮ ಲೆಕ್ಕದಲ್ಲಿರಬೇಕು.

ಕಾಯಿಲ್ ಬದಲಿಸುವ ಸಂದರ್ಭ ಮುಂದೆಂದಾದರೂ ಬಂದರೆ, ಸೋರಿಕೆಯನ್ನು ನಿಮ್ಮ ಕಣ್ಣಿಗೆ ತೋರಿಸಲು ಕೇಳಿ. ಗ್ಯಾಸನ್ನು ಮೆಷಿನ್‌ನಲ್ಲಿ ಹಿಂದಕ್ಕೆ ತೆಗೆದು, ನೈಟ್ರೋಜನ್ ತುಂಬಿ, ಗೇಜ್ ಮುಳ್ಳು ಒಂದು ಗಂಟೆಯಲ್ಲಿ ಇಳಿಯುತ್ತದೆಯೇ ನೋಡಬೇಕು, ಸೋಪು ನೀರಿನಲ್ಲಿ ಗುಳ್ಳೆ ಕಾಣಬೇಕು. ಇದಕ್ಕೆ ಆಕ್ಸಿಜನ್ ಸಿಲಿಂಡರ್ ಬಳಸಲು ಯಾರನ್ನೂ ಬಿಡಬೇಡಿ, ಆಯಿಲ್ ಜೊತೆ ಸೇರಿದರೆ ಸ್ಫೋಟವಾಗುತ್ತದೆ. ಕಾಯಿಲ್ ಹೊಸದಾದರೆ ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ) ಮತ್ತು ಜೋಡಣೆಯ ಒ-ರಿಂಗ್ ರಬ್ಬರ್‌ಗಳೂ ಹೊಸದಾಗಬೇಕು. ಹಳೆಯ ಕಾಯಿಲ್‌ನೊಂದಿಗೆ ಹೋದಷ್ಟು ಕಂಪ್ರೆಸರ್ ಆಯಿಲನ್ನು ಮ್ಯಾನುಯಲ್ ಪ್ರಕಾರ ಸೇರಿಸಬೇಕು, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಬೇಕು. ಗ್ಯಾಸನ್ನು ಯಂತ್ರದ ಸ್ಟಿಕ್ಕರಿನಲ್ಲಿ ಬರೆದಷ್ಟೇ ತೂಕ ಹಾಕಿ ತುಂಬಬೇಕು, ಕೈಗೆ ತಂಪು ಬಂತು ಎಂದು ನಿಲ್ಲಿಸುವುದಲ್ಲ. ಇಷ್ಟನ್ನು ಮಾಡದೆ ಕಾಯಿಲ್ ಮಾತ್ರ ಬದಲಿಸಿದರೆ ಮುಂದಿನ ಬೇಸಗೆಗೆ ಕಂಪ್ರೆಸರ್ ಕೈಕೊಡುವ ಸಾಧ್ಯತೆ ಹೆಚ್ಚು.

ಕೊನೆಗೆ, ಈಗಾಗಲೇ ಒಳಗೆ ಬಿದ್ದ ನೀರು. ಮ್ಯಾಟ್ ಎತ್ತಿ ಅದರಡಿಯ ಫೋಮ್ ತೆಗೆದು ಹೊರಗೆ ಒಣಗಿಸಿ, ಮೇಲೆ ಒರೆಸಿದರೂ ಆ ಫೋಮ್ ತಿಂಗಳುಗಟ್ಟಲೆ ನೀರು ಹಿಡಿದಿಡುತ್ತದೆ. ಬ್ಯಾಟರಿ ಕಟಾಫ್ ಮತ್ತೆ ಆಫ್ ಮಾಡಿಕೊಂಡು ಸೀಟಿನ ಹಿಂದಿನ ಕನೆಕ್ಟರ್‌ಗಳನ್ನು ಒಂದೊಂದಾಗಿ, ಒಂದನ್ನು ಮತ್ತೆ ಹಾಕಿದ ಮೇಲೆ ಇನ್ನೊಂದನ್ನು ಬಿಚ್ಚುವ ಕ್ರಮದಲ್ಲಿ ನೋಡಿ. ಪಿನ್ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ, ಒಣಗಿದ ಮೇಲೆ ಮುಚ್ಚಿ. ಉಪ್ಪುಕಾಗದದಿಂದ ಉಜ್ಜಬೇಡಿ, ಪಿನ್ನಿನ ಮೇಲಿನ ಲೇಪನ ಹೋಗುತ್ತದೆ. ಹೊಸ ರಬ್ಬರ್ ತುದಿ ಹಾಕಿ ಮೂರು ದಿನ ಕೆಲಸ ಮಾಡಿದ ಮೇಲೆ ಒಣ ಹಳೆಯ ಪೇಪರನ್ನು ಸೀಟಿನ ಹಿಂದೆ ಹಾಸಿ ಸಂಜೆ ತೆಗೆದು ನೋಡಿ. ಪೇಪರ್ ಒಣಗಿದ್ದು, ಏಸಿ ಓಡುವಾಗಲೇ ಕ್ಯಾಬಿನ್ ಕೆಳಗೆ ಎರಡೂ ಪೈಪಿನಿಂದ ಹನಿ ಬೀಳುತ್ತಿದ್ದರೆ ಮ್ಯಾಟ್ ಮತ್ತೆ ಹಾಸಬಹುದು.